ಒಂದೇ ಹಗೇವು, ಎರಡು ಸಲ

ಸಿಂಧನೂರಿನಲ್ಲಿ ನಮ್ಮದೊಂದು ಬೀಜ, ಗೊಬ್ಬರದ ಅಂಗಡಿ ಇದೆ. ಆಗಸ್ಟ್ ತಿಂಗಳೆಂದರೆ ಭತ್ತಕ್ಕೆ ಮೇಲುಗೊಬ್ಬರ ಹಾಕುವ ಹೊತ್ತು, ಅಂಗಡಿ ಮುಂದೆ ಯಾವಾಗಲೂ ಜನ. ಯೂರಿಯಾ ಲಾರಿ ಬರುವ ತನಕ ಕಟ್ಟೆ ಮೇಲೆ ಕೂತು ಮೊಬೈಲ್ ನೋಡುತ್ತಾರೆ. ಅವತ್ತು ಒಬ್ಬ ಹುಡುಗ ವಿಡಿಯೋ ನೋಡುತ್ತಿದ್ದವನು ತಲೆ ಎತ್ತಿ ಹೇಳಿದ. "ಅಣ್ಣಾ, ಇದು ನೋಡ್ರಿ. ಬಾಂಗ್ಲಾದೇಶದಾಗ 71ರಾಗ 30 ಲಕ್ಷ ಮಂದಿ ಸತ್ರು ಅಂತಾರಲ್ಲ, ಅದೆಲ್ಲಾ ಸುಳ್ಳಂತ. ಬರೇ 26 ಸಾವಿರ ಅಂತ. ಸರ್ಕಾರಿ ವರದಿಯಾಗೇ ಐತಂತ."

ಹುಡುಗ ಕೆಟ್ಟವನಲ್ಲ. ಡಿಗ್ರಿ ಓದಿದ್ದಾನೆ, ಅಪ್ಪನ ಜೊತೆ ಗದ್ದೆ ನೋಡಿಕೊಳ್ಳುತ್ತಾನೆ. ಅವನಿಗೆ ಅದು ಯಾವುದೋ ದೂರದ ದೇಶದ ಸುದ್ದಿ, ಅಷ್ಟೆ. ಆದರೆ ಅವನಿಂದ ನಾಲ್ಕು ಮಾರು ದೂರದಲ್ಲಿ, ಡಿಎಪಿ ಚೀಲದ ಮೇಲೆ ದಾದಾ ಕೂತಿದ್ದರು.

ನಮ್ಮ ತಾಲೂಕಿನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಕ್ಯಾಂಪ್ ಎಂದರೆ ಊರು ಅಂತಲೇ ಅರ್ಥ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ರೈತರು ಬಂದು ನೆಲೆಸಿದ ಕ್ಯಾಂಪ್‌ಗಳು ಬೇಕಾದಷ್ಟಿವೆ. ಆರ್‌ಎಚ್ ಕ್ಯಾಂಪ್‌ಗಳು ಮಾತ್ರ ಬೇರೆ. ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶ, ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಜಮೀನು ಕೊಟ್ಟು ಕೂಡಿಸಿದ ಊರುಗಳು ಅವು. ಸಿಂಧನೂರಿನ ಸಂತೆಯಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು ನಡುವೆ ಬಂಗಾಳಿಯೂ ಕಿವಿಗೆ ಬೀಳುತ್ತದೆ. ದಾದಾ ಅಲ್ಲಿನವರು. 70 ದಾಟಿದೆ. ಹುಟ್ಟಿದ್ದು ಖುಲ್ನಾ ಜಿಲ್ಲೆಯಲ್ಲಿ. 1964ರ ಗಲಭೆಯಲ್ಲಿ ಅಪ್ಪ ಅವ್ವನ ಜೊತೆ ಓಡಿ ಬಂದಾಗ 10 ವರ್ಷದ ಹುಡುಗ. ಮೊದಲು ರಾಯಪುರದ ಹತ್ತಿರದ ಮಾನಾ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಇಲ್ಲಿಗೆ ಬಂದರು. ಈಗ ಅವರ ಮೊಮ್ಮಕ್ಕಳು ನಮ್ಮಷ್ಟೇ ಚೆನ್ನಾಗಿ ಸಿಂಧನೂರು ಕನ್ನಡ ಮಾತಾಡುತ್ತಾರೆ.

ನಾನು ಹುಡುಗನಿಗೆ ಸುಮ್ಮನಿರು ಅಂತ ಕಣ್ಸನ್ನೆ ಮಾಡಿದೆ. ದಾದಾ ನೋಡಿಬಿಟ್ಟರು. "ಇರ್ಲಿ ಬಿಡು ತಮ್ಮಾ. ನನಗ ಅಷ್ಟು ದೊಡ್ಡ ಲೆಕ್ಕ ಬರಂಗಿಲ್ಲ. ನನ್ನ ಲೆಕ್ಕ ಆರು" ಅಂದರು.

ಅವರ ಅಕ್ಕ, ಭಾವ, ಅಕ್ಕನ ಅತ್ತೆ ಮಾವ, ಎರಡು ಮಕ್ಕಳು. 64ರಲ್ಲಿ ಅಕ್ಕನ ಮನೆಯವರು ಬರಲಿಲ್ಲ, ಗದ್ದೆ ಬಿಟ್ಟು ಹೇಗೆ ಬರುವುದು ಅಂತ ಅಲ್ಲೇ ಉಳಿದಿದ್ದರು. 71ರಲ್ಲಿ ಪಾಕಿಸ್ತಾನದ ಸೈನ್ಯ ಅಲ್ಲಿನ ಬಂಗಾಳಿಗಳನ್ನು ಕೊಲ್ಲಲು ಶುರು ಮಾಡಿದ ಮೇಲೆ, ಮೇ ತಿಂಗಳಲ್ಲಿ ಹೊರಟರು. ಹೊರಡುತ್ತೇವೆ ಅಂತ ಒಂದು ಕಾಗದ ಬಂತು. ಜನ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಅದೇ ಊರಿನವನೊಬ್ಬ ಸಿಕ್ಕಿ, ಚುಕ್‌ನಗರದಲ್ಲಿ ಅವರನ್ನು ಕೊನೆಯದಾಗಿ ನೋಡಿದೆ ಅಂದನಂತೆ.

ಚುಕ್‌ನಗರ ಖುಲ್ನಾ ಜಿಲ್ಲೆಯ ಒಂದು ಸಂತೆ ಊರು. ಗಡಿ ದಾಟಿ ಭಾರತಕ್ಕೆ ಬರುವವರು ದೋಣಿಯಿಂದ ಇಳಿದು ಅಲ್ಲಿ ತಂಗುತ್ತಿದ್ದರು. 1971ರ ಮೇ 20ರಂದು ಬೆಳಿಗ್ಗೆ ಪಾಕಿಸ್ತಾನದ ಸೈನಿಕರು ಕೆಲವೇ ಲಾರಿಗಳಲ್ಲಿ ಬಂದು, ಬಯಲಲ್ಲಿ ಅಡುಗೆ ಮಾಡಿಕೊಳ್ಳುತ್ತಿದ್ದ ಜನರ ಮೇಲೆ ಗುಂಡು ಹಾರಿಸಿದರು. ಗಂಟೆಗಟ್ಟಲೆ. ಸತ್ತವರು 10,000 ಅಂತ ಅಲ್ಲಿನವರು ಹೇಳುತ್ತಾರೆ. ಎಣಿಸಿದವರು ಯಾರು? ಹೆಣಗಳನ್ನು ನದಿಗೆ ಹಾಕಿದರು. ಅವತ್ತೇ ಅಲ್ಲಿ ಅಪ್ಪನನ್ನು ಕಳೆದುಕೊಂಡ ಒಬ್ಬ ಮುಸ್ಲಿಂ ರೈತ, ಸತ್ತ ತಾಯಿಯ ಎದೆ ಮೇಲೆ ಹಾಲಿಗೆ ಹುಡುಕುತ್ತಿದ್ದ ಕೂಸನ್ನು ಎತ್ತಿಕೊಂಡ. ತಾಯಿಯ ಬೈತಲೆಯ ಕುಂಕುಮ, ಕೈಯ ಶಂಖದ ಬಳೆ ನೋಡಿ ಹಿಂದೂ ಅಂತ ಗೊತ್ತಾಗಿ, ಕೂಸನ್ನು ಒಂದು ಹಿಂದೂ ಮನೆಯಲ್ಲೇ ಸಾಕಲು ಕೊಟ್ಟ. ಇದನ್ನೂ ದಾದಾನೇ ಹೇಳಿದ್ದು, ಆಮೇಲೆ ನಾನು ಓದಿ ತಿಳಿದುಕೊಂಡೆ. ಆ ಕೂಸು ಬದುಕಿ ಬೆಳೆದು ದೊಡ್ಡದಾಯಿತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ 26 ಸಾವಿರ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತೆ. ಎಲ್ಲಿಂದ ಬಂತು ಅಂತ ಗೊತ್ತಾದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಯುದ್ಧ ಸೋತ ಮೇಲೆ, 1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನ ಸರ್ಕಾರವೇ ಒಂದು ವಿಚಾರಣಾ ಆಯೋಗ ಮಾಡಿತು. ಅಧ್ಯಕ್ಷರು ಅಲ್ಲಿನ ಮುಖ್ಯ ನ್ಯಾಯಮೂರ್ತಿ ಹಮೂದುರ್ ರಹಮಾನ್. ಈ 26,000 ಬರುವುದು ಆ ವರದಿಯಲ್ಲಿ. ಆದರೆ ಅದು ಆಯೋಗ ಹಳ್ಳಿ ಹಳ್ಳಿ ತಿರುಗಿ ಎಣಿಸಿದ್ದಲ್ಲ. ಢಾಕಾದಲ್ಲಿದ್ದ ಸೈನ್ಯ ತನ್ನ ಮೇಲಧಿಕಾರಿಗಳಿಗೆ ಆಗಾಗ ಕಳಿಸಿದ ವರದಿಗಳನ್ನು ಕೂಡಿಸಿ ಕೊಟ್ಟ ಲೆಕ್ಕ. ಅಂದರೆ ಕೊಂದವರೇ ಬರೆದಿಟ್ಟ ಲೆಕ್ಕ. ಸಾಲ ಕೊಟ್ಟವನ ಪುಸ್ತಕ ಬಿಟ್ಟು, ಸಾಲ ತಿಂದವನ ಪುಸ್ತಕ ನೋಡಿ ಬಾಕಿ ಎಷ್ಟು ಅಂತ ಹೇಳಿದ ಹಾಗೆ. ಅಷ್ಟಿದ್ದರೂ ಆ ವರದಿಯನ್ನು ಹೊರಗೆ ಬಿಡಲಿಲ್ಲ. 2000ನೇ ಇಸವಿಯಲ್ಲಿ ಅದರ ಒಂದು ಭಾಗ ನಮ್ಮ ದೇಶದ ಪತ್ರಿಕೆಯೊಂದರಲ್ಲಿ ಬಂದ ಮೇಲೆಯೇ ಅವರೂ ತೋರಿಸಿದ್ದು.

30 ಲಕ್ಷ ಎನ್ನುವುದು ಬಾಂಗ್ಲಾದೇಶ ಸರ್ಕಾರದ ಲೆಕ್ಕ. ಅದನ್ನು ಒಪ್ಪದ ಇತಿಹಾಸಕಾರರು ಇದ್ದಾರೆ. 3 ಲಕ್ಷದಿಂದ 5 ಲಕ್ಷದ ಒಳಗೆ ಎನ್ನುವವರಿದ್ದಾರೆ. ಅದು ಪ್ರಾಮಾಣಿಕ ಚರ್ಚೆ, ನಡೆಯಲಿ. ಆ ವಿಡಿಯೋ ಮಾಡಿದ್ದು ಅದಲ್ಲ. ದೊಡ್ಡ ಅಂಕಿ ಹಿಡಿದು ಎಳೆದು, ಅದು ತಪ್ಪಿದ್ದರೆ ಎಲ್ಲವೂ ತಪ್ಪು ಅಂತ ಕೇಳುವವನ ತಲೆಯಲ್ಲಿ ಕೂರಿಸಿತು. ಭಾರತಕ್ಕೆ ಓಡಿ ಬಂದವರೇ ಸುಮಾರು 1 ಕೋಟಿ ಜನ. ಸುಮ್ನೆ ಯಾರಾದರೂ ಮನೆ ಬಿಟ್ಟು ಓಡುತ್ತಾರಾ?

ಇನ್ನೊಂದು ವಿಷಯ ಗೊತ್ತಾಗಿದ್ದು ಆ ರಾತ್ರಿಯೇ. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಕೊಲೆ ಶುರುವಾದಾಗ ಸೈನ್ಯ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ವಿದೇಶಿ ಪತ್ರಕರ್ತರನ್ನು ಹೋಟೆಲಿನಲ್ಲಿ ಕೂಡಿ ಹಾಕಿ ದೇಶದಿಂದ ಹೊರಗೆ ಕಳಿಸಿದ್ದು. ನೋಡುವ ಕಣ್ಣನ್ನೇ ಮೊದಲು ತೆಗೆದರು. ಆಮೇಲೆ ಏಪ್ರಿಲ್‌ನಲ್ಲಿ ಪಾಕಿಸ್ತಾನದ್ದೇ 8 ಜನ ಪತ್ರಕರ್ತರನ್ನು ಕರೆದುಕೊಂಡು ಹೋಗಿ, ಎಲ್ಲಾ ಶಾಂತವಾಗಿದೆ ಅಂತ ಬರೆಯಿರಿ ಅಂದರು. 7 ಜನ ಹಾಗೆಯೇ ಬರೆದರು. ಎಂಟನೆಯವರು ಆಂಥನಿ ಮಸ್ಕರೇನ್ಹಸ್. ನಮ್ಮ ಬೆಳಗಾವಿಯಲ್ಲಿ ಹುಟ್ಟಿ ಕರಾಚಿಯಲ್ಲಿ ಓದಿದವರು. ಸೋದರಿಗೆ ಹುಷಾರಿಲ್ಲ ಅಂತ ಹೇಳಿ ಲಂಡನ್‌ಗೆ ಹೋಗಿ, ಅಲ್ಲಿನ ಸಂಡೇ ಟೈಮ್ಸ್ ಪತ್ರಿಕೆಯವರ ಜೊತೆ ಮಾತಾಡಿ, ಹೆಂಡತಿ ಮತ್ತು ಐದು ಮಕ್ಕಳನ್ನು ಮೊದಲು ದೇಶದಿಂದ ಹೊರಗೆ ಕಳಿಸಿ, ತಾವು ಅಫ್ಘಾನಿಸ್ತಾನದ ಗಡಿ ದಾಟಿ ಹೋದರು. ಜೂನ್ 13ರಂದು ವರದಿ ಬಂತು. ತಲೆಬರಹ ಒಂದೇ ಪದ, ನರಮೇಧ. ಢಾಕಾದ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಅದಕ್ಕೂ ಮೊದಲೇ, ಏಪ್ರಿಲ್ 6ರಂದು, ಅಮೆರಿಕ ಸರ್ಕಾರ ಸುಮ್ಮನಿರುವುದು ತಪ್ಪು ಅಂತ 20 ಜನ ಅಧಿಕಾರಿಗಳ ಸಹಿ ಇದ್ದ ತಂತಿ ಕಳಿಸಿದ್ದರು. ಆ ಮನುಷ್ಯನನ್ನು ವಾಪಸು ಕರೆಸಿಕೊಂಡರು, ಕೆಲಸದಲ್ಲಿ ಮೂಲೆಗೆ ತಳ್ಳಿದರು.

ಮಾರನೇ ದಿನ ಹುಡುಗನಿಗೆ ಇದೆಲ್ಲ ಹೇಳಿದೆ. ಕೇಳಿದ. ಆಮೇಲೆ, "ಅಲ್ರೀ ಅಣ್ಣಾ, ಬಂಗಾಳಿಗಳೂ ಬಿಹಾರಿ ಮಂದಿನ್ನ ಕೊಂದಾರಲ್ಲ? ಅದೂ ವಿಡಿಯೋದಾಗ ಐತಿ" ಅಂದ. ನನಗೆ ಉರಿಯಿತು. ಅದು ಬೇರೆ ಮಾತು, ಅದನ್ನು ಇಲ್ಲಿ ತರಬೇಡ ಅಂತ ಗದರಿಸಲು ಹೋದೆ. ದಾದಾ ಅವತ್ತೂ ಅಲ್ಲೇ ಇದ್ದರು.

"ಖರೇ ಐತಿ. ಕೊಂದಾರ. ಉರ್ದು ಮಾತಾಡೋ ಮಂದಿ, ಹೆಣ್ಮಕ್ಕಳು ಮಕ್ಕಳು ಎಲ್ಲಾ. ಅದೂ ಬರೀಬೇಕು, ಇದೂ ಬರೀಬೇಕು" ಅಂದರು. ಆರು ಜನರನ್ನು ಕಳೆದುಕೊಂಡ ಮನುಷ್ಯ. ನನಗೆ ಬಾಯಿ ಬರಲಿಲ್ಲ.

ಆಮೇಲೆ ಅವರು ಹೇಳಿದ ಒಂದು ಪದ ನನ್ನನ್ನು ಹಿಡಿದುಕೊಂಡುಬಿಟ್ಟಿತು. ಅಕ್ಕನ ಊರಿನಲ್ಲಿ ಯಾವ ಮನೆ ಹಿಂದೂಗಳದ್ದು, ಯಾವ ಮನೆಯ ಹುಡುಗ ಪಾಕಿಸ್ತಾನದ ವಿರುದ್ಧ ಹೋರಾಡುವ ವಿಮೋಚನಾ ಸೇನೆ ಸೇರಿದ್ದಾನೆ ಅಂತ ಸೈನ್ಯಕ್ಕೆ ತೋರಿಸುವ ಜನ ಇದ್ದರಂತೆ. ಅವರಿಗೆ ಏನಂತಿದ್ದರು ಅಂತ ಕೇಳಿದೆ.

"ರಾಜಾಕಾರ್" ಅಂದರು.

1971ರ ಮೇ ತಿಂಗಳಲ್ಲಿ ಸೈನ್ಯಕ್ಕೆ ನೆರವಾಗಲು ಕಟ್ಟಿದ ಪಡೆಯ ಹೆಸರು ಅದು. ಮೊದಲ ತಂಡ ಕಟ್ಟಿದ್ದೇ ಖುಲ್ನಾದಲ್ಲಿ. ಆ ಪದ ಕೇಳಿ ರಾಯಚೂರು, ಕೊಪ್ಪಳದ ಮನುಷ್ಯ ಸುಮ್ಮನಿರಲು ಆಗುತ್ತಾ? ನಮ್ಮ ಮನೆಗಳಲ್ಲಿ ಮಕ್ಕಳು ಊಟ ಮಾಡದಿದ್ದರೆ ಹೆದರಿಸುತ್ತಿದ್ದ ಹೆಸರೇ ಅದು.

ನಮ್ಮ ಮೂಲ ಊರು ಕುಷ್ಟಗಿ ತಾಲೂಕು. ಆಗ ಕೊಪ್ಪಳ ಜಿಲ್ಲೆ ಇರಲಿಲ್ಲ, ಎಲ್ಲಾ ರಾಯಚೂರು ಜಿಲ್ಲೆ, ನಿಜಾಮರ ಹೈದರಾಬಾದ್ ರಾಜ್ಯ. ತುಂಗಭದ್ರೆಯ ಆಚೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಅಲ್ಲಿ 1947ರ ಆಗಸ್ಟ್ 15ಕ್ಕೆ ಬಾವುಟ ಹಾರಿತು, ನಮ್ಮಲ್ಲಿ ಹಾರಲಿಲ್ಲ. ನಿಜಾಮರ ಪರ ನಿಂತಿದ್ದ ಕಾಸಿಂ ರಜ್ವಿಯ ಪಡೆಯವರು, ಅಂದರೆ ರಜಾಕಾರರು, ಹಳ್ಳಿಗಳಿಗೆ ನುಗ್ಗಿ ಲೂಟಿ ಮಾಡಿದರು, ಕೊಂದರು, ಹೆಣ್ಣುಮಕ್ಕಳ ಮಾನ ಕಳೆದರು. 1948ರ ಮೇ ತಿಂಗಳಲ್ಲಿ ಬೀದರ್ ಕಡೆಯ ಗೋರ್ಟಾದಲ್ಲಿ ಒಂದೇ ಊರಿನಲ್ಲಿ 200 ಜನರ ಕೊಲೆಯಾಯಿತು ಅಂತ ಇವತ್ತಿಗೂ ಹೇಳುತ್ತಾರೆ. ನಮ್ಮ ಕಡೆಯ ಜನ ಗಡಿ ದಾಟಿ ಗಜೇಂದ್ರಗಡ, ಮುಂಡರಗಿ ಕಡೆ ಹೋದರು. ಅಲ್ಲಿ ಹೋರಾಟಗಾರರ ಶಿಬಿರಗಳಿದ್ದವು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುಂಡರಗಿ ಶಿಬಿರ ನಡೆಸಿದ್ದು ಕೊಪ್ಪಳದಲ್ಲಿ ಎಲ್ಲರಿಗೂ ಗೊತ್ತು.

ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ, ಹೆತ್ತವಳಿಗೆ ಅವ್ವ. ನಮ್ಮ ಅಮ್ಮನಿಗೆ ಆಗ 16 ವರ್ಷ, ಮದುವೆಯಾಗಿ ಆ ಮನೆಗೆ ಬಂದು ವರ್ಷ ಆಗಿರಲಿಲ್ಲ. ರಜಾಕಾರರು ಬರುತ್ತಿದ್ದಾರೆ ಅಂತ ಸುದ್ದಿ ಬಂದಾಗ ಮನೆಯ ಹೆಣ್ಣುಮಕ್ಕಳನ್ನು ಹಗೇವಿನಲ್ಲಿ ಇಳಿಸಿದರು. ಹಗೇವು ನೋಡದವರಿಗಾಗಿ ಹೇಳುತ್ತೇನೆ. ಜೋಳ ತುಂಬಿಡಲು ನೆಲದೊಳಗೆ ಆಳವಾಗಿ ತೋಡಿದ ಗುಂಡಿ ಅದು. ಬಾಯಿ ಚಿಕ್ಕದು, ಒಬ್ಬರು ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ಬಹಳ ದಿನ ಮುಚ್ಚಿದ ಹಗೇವಿನೊಳಗೆ ಹಾಗೇ ಇಳಿದರೆ ಉಸಿರುಗಟ್ಟಿ ಸಾಯುತ್ತಾರೆ. ಅದಕ್ಕೆ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಇಳಿಯುವ ಹಾಗಿಲ್ಲ. ಅವತ್ತು ಅಷ್ಟು ಅವಸರದಲ್ಲೂ ನಮ್ಮ ಮುತ್ತಜ್ಜ ಕಂದೀಲು ಇಳಿಬಿಟ್ಟು ನೋಡಿದ್ದನ್ನು ಅಮ್ಮ ಪ್ರತಿ ಸಲ ಹೇಳುತ್ತಿದ್ದಳು. "ಮ್ಯಾಲ ಕಲ್ಲು ಮುಚ್ಚಲಿಲ್ಲ, ಜ್ವಾಳದ ಸೊಪ್ಪಿ ಒಟ್ಟಿದ್ರು. ಸೊಪ್ಪಿ ಸಂದ್ಯಾಗ ಬೆಳಕು ಬರ್ತಿತ್ತು. ಮ್ಯಾಲ ಕುದುರಿ ಓಡಾಡಿದ್ದು ಎದಿಯಾಗ ಕೇಳ್ತಿತ್ತು." ಒಂದು ಹಗಲು, ಒಂದು ರಾತ್ರಿ.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ, ಮೊದಲು ವಿಮೋಚನಾ ದಿನ ಅಂತಿದ್ದೆವು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ, ಅವತ್ತು ಊರಿನ ಶಾಲೆಯಲ್ಲಿ ಬಾವುಟ ಹಾರಿಸಿದ ಮೇಲೆ ನನ್ನನ್ನು ಎರಡು ಮಾತಾಡಲು ಕರೆಯುತ್ತಾರೆ. ಹಗೇವಿನ ಕಥೆ ಹೇಳುತ್ತೇನೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ.

ಆದರೆ ಅಮ್ಮ ಕಥೆಯನ್ನು ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸುತ್ತಿದ್ದವನು ನಾನು.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮರು ಶರಣಾದರು. ಹಳೆಯ ಮಂದಿ ಅದನ್ನು ಇವತ್ತಿಗೂ ಪೊಲೀಸ್ ಯಾಕ್ಷನ್ ಅನ್ನುತ್ತಾರೆ. ಅದಾದ ಕೆಲವೇ ದಿನಕ್ಕೆ ಇನ್ನೊಂದು ಗುಂಪು ಊರಿನ ಕಡೆ ಬರುತ್ತಿದೆ ಅಂತ ಸುದ್ದಿ ಬಂತು. ಈ ಸಲ ಬರುತ್ತಿದ್ದವರು ನಮ್ಮವರು. ಹುಡುಕುತ್ತಿದ್ದದ್ದು ಮುಸಲ್ಮಾನರ ಮನೆಗಳನ್ನು. ನಮ್ಮ ಹಿತ್ತಲಿಗೆ ಹೊಂದಿಕೊಂಡು ಒಂದು ಪಿಂಜಾರರ ಮನೆ ಇತ್ತು. ಹತ್ತಿ ಹಿಂಜಿ ಗಾದಿ ಹೊಲಿಯುವವರು. ರಜಾಕಾರರಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಮುತ್ತಜ್ಜ ಮತ್ತೆ ಕಂದೀಲು ಕಟ್ಟಿದ. ಅದೇ ಹಗೇವು. ಈ ಸಲ ಇಳಿದದ್ದು ಪಿಂಜಾರರ ಮನೆಯ ಹೆಂಗಸರು, ಮಕ್ಕಳು. ಮೇಲೆ ಸೊಪ್ಪೆ ಒಟ್ಟಿದವಳು ನಮ್ಮ ಅಮ್ಮ. ಆ ಮನೆಯ ಗಂಡಸು ಇಳಿಯಲಿಲ್ಲ. ನಾನೇನು ಮಾಡೀನಿ, ನನ್ನನ್ನ ಯಾರೇನು ಮಾಡ್ತಾರ ಅಂತ ಮನೆಯಲ್ಲೇ ಕೂತ. ಅವನನ್ನು ಊರ ಹೊರಗಿನ ಬಾವಿಯ ಹತ್ತಿರ ಕೊಂದರು. ಅಮ್ಮ ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದಳು. "ಆಕಿ ಮ್ಯಾಲ ಬಂದು ಕೇಳಿದ್ಳು, ನಮ್ಮನ್ಯಾವ್ರು ಎಲ್ಲಿ ಅಂತ. ನಾ ಏನು ಹೇಳ್ಲಿ?"

ಇದು ನಮ್ಮೊಂದೇ ಊರಿನ ಮಾತಲ್ಲ. ಆ ವರ್ಷದ ಕೊನೆಗೆ ಭಾರತ ಸರ್ಕಾರವೇ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮುಂತಾದವರನ್ನು ಕಳಿಸಿತು. ನವೆಂಬರ್ 29ರಿಂದ ಡಿಸೆಂಬರ್ 21ರ ತನಕ ರಾಜ್ಯದ 16 ಜಿಲ್ಲೆಗಳಲ್ಲಿ 9 ಜಿಲ್ಲೆ ತಿರುಗಿದರು. ಕಡಿಮೆ ಅಂದರೂ 27,000ದಿಂದ 40,000 ಜನ ಪೊಲೀಸ್ ಯಾಕ್ಷನ್ ಸಮಯದಲ್ಲಿ ಮತ್ತು ಆಮೇಲೆ ಸತ್ತಿದ್ದಾರೆ ಅಂತ ಬರೆದರು. ಹೆಚ್ಚು ಪೆಟ್ಟು ತಿಂದದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ರಜಾಕಾರರ ಹಾವಳಿಯನ್ನು ಆ ವರದಿ ಮುಚ್ಚಿಡಲಿಲ್ಲ. ಕೆಲವು ಕಡೆ ಸೈನಿಕರು, ಪೊಲೀಸರೂ ಲೂಟಿಗೆ ಕೈ ಹಾಕಿದ್ದನ್ನು ಬರೆಯಿತು. ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳ ಬಗ್ಗೆ, ನೇಕಾರರು ನೇಕಾರರನ್ನು ಉಳಿಸಿಕೊಂಡ ಬಗ್ಗೆಯೂ ಬರೆಯಿತು. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಜನಸಾಮಾನ್ಯರ ಕಣ್ಣಿಗೆ ಅದು ಬಿದ್ದದ್ದು 2013ರ ಹೊತ್ತಿಗೆ. 65 ವರ್ಷ.

ಪಾಕಿಸ್ತಾನ 2000ದ ತನಕ ವರದಿ ಮುಚ್ಚಿಟ್ಟಿತು ಅಂತ ಹುಡುಗನ ಮುಂದೆ ಕೂಗಾಡಿದ ನಾನು, ನಮ್ಮ ವರದಿ ಅದಕ್ಕಿಂತ ಜಾಸ್ತಿ ವರ್ಷ ಕಪಾಟಿನಲ್ಲಿ ಇತ್ತು ಅಂತ ಯಾವತ್ತೂ ಹೇಳಿರಲಿಲ್ಲ. ಎರಡೂ ಘಟನೆ ಒಂದೇ ಅಂತ ನಾನು ಹೇಳುತ್ತಿಲ್ಲ. 71ರಲ್ಲಿ ಒಂದು ಸೈನ್ಯ ತನ್ನದೇ ದೇಶದ ಜನರನ್ನು ತಿಂಗಳುಗಟ್ಟಲೆ ಕೊಂದಿತು. 48ರಲ್ಲಿ ಒಂದು ಕ್ರೂರ ಆಳ್ವಿಕೆ ಮುಗಿಯಿತು, ಅದು ಮುಗಿದದ್ದು ಒಳ್ಳೆಯದೇ ಆಯಿತು, ಅದಕ್ಕೆ ಜೀವ ಕೊಟ್ಟವರ ಋಣ ನಮ್ಮ ಮೇಲಿದೆ. ಅದೇ ವಾರಗಳಲ್ಲಿ ಪಿಂಜಾರರ ಮನೆಯ ಗಂಡಸೂ ಸತ್ತ. ಎರಡೂ ನಡೆದದ್ದು ಖರೆ.

ಈಗ ನನ್ನ ಮೊಬೈಲಿಗೆ ಎರಡೂ ಕಡೆಯಿಂದ ಬರುತ್ತವೆ. ರಜಾಕಾರ ಅಂದರೆ ಸ್ವಯಂಸೇವಕ ಅಷ್ಟೆ, ಅವರು ಏನೂ ಮಾಡಲಿಲ್ಲ, ಎಲ್ಲಾ ಕಟ್ಟುಕಥೆ ಅಂತ ಒಂದು. ಹಾಗಾದರೆ ಶೋಯಬುಲ್ಲಾ ಖಾನ್ ಅವರನ್ನು ಕೊಂದದ್ದು ಯಾರು? ಇಮ್ರೋಜ್ ಎಂಬ ಉರ್ದು ಪತ್ರಿಕೆಯ ಸಂಪಾದಕರು. ಹೈದರಾಬಾದ್ ಭಾರತಕ್ಕೆ ಸೇರಬೇಕು ಅಂತ ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಅವರನ್ನು ಬೀದಿಯಲ್ಲಿ ಕೊಂದು ಕೈ ಕತ್ತರಿಸಿದರು. ಮುಸಲ್ಮಾನರನ್ನೇ ಬಿಡಲಿಲ್ಲ ಆ ರಜಾಕಾರರು. ಇನ್ನೊಂದು ಕಡೆಯಿಂದ, ಪೊಲೀಸ್ ಯಾಕ್ಷನ್ ಆದ ಮೇಲೆ ಒಂದು ಹನಿ ರಕ್ತ ಬೀಳಲಿಲ್ಲ ಅಂತ. ಇಲ್ಲದಿದ್ದರೆ, ಬಿದ್ದರೆ ಏನಾಯ್ತು, ಅವರು ಮಾಡಿದ್ದಕ್ಕೆ ಆಯ್ತು ಅಂತ. ನಡೆದೇ ಇಲ್ಲ ಅನ್ನುವುದೂ, ನಡೆದದ್ದು ಸರಿ ಅನ್ನುವುದೂ ಒಂದೇ ಬಾಯಿಂದ ಬರುತ್ತದೆ, ಗಮನಿಸಿ ನೋಡಿ. ಆ ಬಾಯಿಗೆ ಬೇಕಾದದ್ದು ಸತ್ತವನ ವಿಷಯ ಎತ್ತದಿರುವುದು, ಅಷ್ಟೇ.

ನಾನು ಈಗ ವಾದಕ್ಕೆ ಇಳಿಯುವುದು ಕಡಿಮೆ. ಈ ಅಂಕಿ ಯಾರು ಎಣಿಸಿದ್ದು, ಯಾವಾಗ ಎಣಿಸಿದ್ದು, ಎಣಿಸಿದವನು ಯಾವ ಕಡೆಯವನು, ಇಷ್ಟು ಕೇಳುತ್ತೇನೆ. ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಾರೆ. ಕೆಲವರು ನನ್ನನ್ನು ಗುಂಪಿನಿಂದ ತೆಗೆದಿದ್ದಾರೆ. ಬೇಜಾರಾಗುತ್ತದೆ, ಅದರಲ್ಲಿ ಜೊತೆಗೆ ಓದಿದವರೂ ಇದ್ದಾರೆ.

ಈ ಸಲದ ಸೆಪ್ಟೆಂಬರ್ 17ಕ್ಕೆ ಕಥೆ ಪೂರ್ತಿ ಹೇಳಿದೆ. ಮೊದಲ ಸಲ ಇಳಿದವರು ಯಾರು, ಎರಡನೇ ಸಲ ಇಳಿದವರು ಯಾರು, ಇಳಿಯದೆ ಉಳಿದವನು ಯಾರು. ಚಪ್ಪಾಳೆ ಬರಲಿಲ್ಲ. ಹಿರಿಯರೊಬ್ಬರು ಆಮೇಲೆ ಪಕ್ಕಕ್ಕೆ ಕರೆದು, "ಇವತ್ತಿನ ದಿನ ಅದು ಯಾಕ ಬೇಕಿತ್ತಪ್ಪಾ" ಅಂದರು. ಇವತ್ತಲ್ಲದೆ ಯಾವತ್ತು ಹೇಳಲಿ ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ನಾನು ಬೈಕ್ ಹತ್ತುವ ಹೊತ್ತಿಗೆ ಎಂಟನೇ ತರಗತಿಯ ಒಂದು ಹುಡುಗಿ ಓಡಿ ಬಂದಳು. ಆ ಬಾವಿ ಎಲ್ಲಿದೆ ಸರ್ ಅಂದಳು. ತೋರಿಸಿದೆ. ಈಗ ಅದು ಮುಚ್ಚಿ ಹೋಗಿದೆ, ಮೇಲೆ ಜಾಲಿ ಬೆಳೆದಿದೆ.

ಹೋದ ಭಾನುವಾರ ದಾದಾನ ಮನೆಗೆ ಹೋಗಿದ್ದೆ. ಆ ವಿಡಿಯೋ ಹುಡುಗ ತಾನೂ ಬರುತ್ತೇನೆ ಅಂದ, ಕರೆದುಕೊಂಡು ಹೋದೆ. ದಾದಾ ಟ್ರಂಕಿನಿಂದ ಅಕ್ಕನ ಕಾಗದ ತೆಗೆದರು. ಮಡಿಕೆಗಳ ಹತ್ತಿರ ಹರಿದು, ಹಿಂದಿನಿಂದ ತೆಳುವಾದ ಬಟ್ಟೆ ಅಂಟಿಸಿದ್ದಾರೆ. ಬಂಗಾಳಿಯಲ್ಲಿ ಓದಿ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಅದರಲ್ಲಿ ಸೈನ್ಯದ ಮಾತೇ ಇಲ್ಲ. ಚಿಕ್ಕವನಿಗೆ ಜ್ವರ, ಇಳಿದ ಕೂಡಲೇ ಹೊರಡುತ್ತೇವೆ. ಆಕಳು ಗಬ್ಬ ಇದೆ, ಪಕ್ಕದ ಮನೆಯವರಿಗೆ ಬಿಟ್ಟು ಬರುತ್ತೇವೆ, ಹಾಲು ಅವರ ಮಕ್ಕಳಿಗೆ ಆಗುತ್ತದೆ. ಅವ್ವನಿಗೆ ಹೇಳು, ಅವಳ ಹಿತ್ತಾಳೆ ಹಂಡೆ ತರಲು ಆಗುವುದಿಲ್ಲ, ಭಾರ. ಹುಡುಗ ಕಾಗದದ ಎರಡೂ ಬದಿ ಫೋಟೋ ತೆಗೆದುಕೊಂಡ. ಆಮೇಲೆ ಆರು ಜನರ ಹೆಸರು ಹೇಳಿ ದಾದಾ, ಬರೆದುಕೊಳ್ಳುತ್ತೇನೆ ಅಂದ. ದಾದಾ ಐದು ಹೆಸರು ಹೇಳಿದರು. ಚಿಕ್ಕವನಿಗೆ ಮನೆಯಲ್ಲಿ ಖೋಕಾ ಅಂತಲೇ ಕರೆಯುತ್ತಿದ್ದರು, ಖೋಕಾ ಅಂದರೆ ಪುಟ್ಟ, ನಿಜವಾದ ಹೆಸರು ಏನಿಟ್ಟಿದ್ದರು ಅಂತ ನೆನಪಿಗೆ ಬರುತ್ತಿಲ್ಲ ಅಂತ ಬಹಳ ಹೊತ್ತು ಕೂತರು.